ಎರೆ ಮಣ್ಣಿನ ಬಿರುಕು ಎಷ್ಟು ಆಳ?

"ಮೇ ತಿಂಗಳಲ್ಲಿ ನಿಮ್ಮ ಕಡೆ ಹೊಲ ಬಿರುಕು ಬಿಡುತ್ತದಲ್ಲ, ಆ ಬಿರುಕು ಎಷ್ಟು ಆಳ ಹೋಗುತ್ತದೆ?"

ಬೆಂಗಳೂರಿನ ಸೆಲೆಕ್ಷನ್ ಸೆಂಟರ್‌ನಲ್ಲಿ ನನ್ನೆದುರು ಕೂತಿದ್ದ ಅಧಿಕಾರಿ ಕೇಳಿದ ಪ್ರಶ್ನೆ ಇದು. ಅದು ನನ್ನ ಮೊದಲನೇ ಎಸ್‌ಎಸ್‌ಬಿ, ಅಂದರೆ ಸೇನೆಗೆ ಅಧಿಕಾರಿಗಳನ್ನು ಆರಿಸುವ ಐದು ದಿನದ ಪರೀಕ್ಷೆ. ಸೇನೆಗೆ ಇಂಜಿನಿಯರ್‌ಗಳನ್ನು ತೆಗೆದುಕೊಳ್ಳುವ ಎಸ್‌ಎಸ್‌ಸಿ ಟೆಕ್ ಎಂಬ ದಾರಿಯಲ್ಲಿ, ಸಿವಿಲ್ ವಿಭಾಗಕ್ಕೆ ಹೋಗಿದ್ದೆ. ಅದಕ್ಕೂ ಐದು ನಿಮಿಷ ಮುಂಚೆ ಅವರು, "ಕಲಬುರಗಿಯಲ್ಲಿ ಯಾವ ಮಣ್ಣು?" ಅಂದಿದ್ದರು. "ಬ್ಲ್ಯಾಕ್ ಕಾಟನ್ ಸಾಯಿಲ್ ಸರ್" ಅಂದೆ, ಅಂದರೆ ನಮ್ಮ ಎರೆ ಮಣ್ಣು. "ಅದರ ಮೇಲೆ ಮನೆ ಕಟ್ಟುವುದು ಹೇಗೆ?" ಅಂದರು. ನೆಲ ಎಷ್ಟು ಭಾರ ಹೊರುತ್ತದೆ ಅಂತ ಲೆಕ್ಕ ಹಾಕುವ ಟೆರ್ಜಾಘಿಯ ಸೂತ್ರವನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ತಲೆಯಾಡಿಸಿ ಪೂರ್ತಿ ಕೇಳಿದರು. ಆಮೇಲೆ ಈ ಬಿರುಕಿನ ಪ್ರಶ್ನೆ ಬಂತು.

ನಾನು ಆ ಬಿರುಕುಗಳನ್ನು ದಾಟುತ್ತಲೇ ಬೆಳೆದವಳು. ಚಿಕ್ಕವಳಿದ್ದಾಗ ಒಮ್ಮೆ ನನ್ನ ಚಪ್ಪಲಿಯೇ ಅದರೊಳಗೆ ಸಿಕ್ಕಿಕೊಂಡಿತ್ತು. ಆದರೂ ಉತ್ತರ ಗೊತ್ತಿರಲಿಲ್ಲ. "ಸುಮಾರು ಅರ್ಧ ಅಡಿ ಸರ್" ಅಂದುಬಿಟ್ಟೆ. "ಅಳೆದು ನೋಡಿದ್ದೀರಾ?" ಅಂದರು. "ಹೌದು" ಅಂದೆ. "ಯಾವುದರಿಂದ ಅಳೆದಿರಿ?" ಅಂದರು. ಅಲ್ಲಿಗೆ ನನ್ನ ಮಾತು ನಿಂತಿತು.

ಐದನೇ ದಿನ ಆಯ್ಕೆಯಾದವರ ಚೆಸ್ಟ್ ನಂಬರ್ ಓದಿದರು. ನನ್ನದು ಇರಲಿಲ್ಲ. ಆಯ್ಕೆಯಾಗದವರು ಅವತ್ತೇ ಹೊರಡಬೇಕು. ರಾತ್ರಿ ರೈಲಿನ ಮೇಲಿನ ಬರ್ತ್‌ನಲ್ಲಿ ಮಲಗಿ ನಾನು ಯೋಚಿಸಿದ್ದು ಒಂದೇ. ಸೋತಿದ್ದಕ್ಕಿಂತ ಜಾಸ್ತಿ ನೋವಾಗಿದ್ದು ಸುಳ್ಳು ಹೇಳಿದ್ದಕ್ಕೆ. ಅದೂ ನನ್ನ ಕಾಲಡಿಯ ನೆಲದ ಬಗ್ಗೆ.

ಅಪ್ಪ ಗೌಂಡಿ. ಇಪ್ಪತ್ತೆಂಟು ವರ್ಷದಿಂದ ಕಲಬುರಗಿಯಲ್ಲಿ ಮನೆ ಕಟ್ಟುತ್ತಿದ್ದಾರೆ. ನಮ್ಮನೆ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲನ್ನು ಅವರೇ ಕೂಡಿಸಿದ್ದು. ಮರುದಿನ ಬೆಳಿಗ್ಗೆ ಮನೆಗೆ ಬಂದಾಗ ಅವರು ಕೆಲಸಕ್ಕೆ ಹೊರಟಿದ್ದರು. ಆಯ್ಕೆ ಆಯಿತಾ ಅಂತ ಕೇಳಲಿಲ್ಲ. ನನ್ನ ಮುಖ ನೋಡಿಯೇ ಗೊತ್ತಾಗಿತ್ತು ಅನ್ನಿಸುತ್ತದೆ. "ಏನ್ ಕೇಳ್ಯಾರ?" ಅಂದರು. ಬಿರುಕಿನ ಪ್ರಶ್ನೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಛಲೋ ಪ್ರಶ್ನಿ ಅದ" ಅಂದರು.

ನನ್ನ ನಿಜವಾದ ತಯಾರಿ ಶುರುವಾಗಿದ್ದು ಅವತ್ತು. ಅದಕ್ಕೂ ಮುಂಚೆ ಓದಿರಲಿಲ್ಲ ಅಂತಲ್ಲ. ಎಂಟು ತಿಂಗಳು ಓದಿದ್ದೆ. ನೋಟ್ಸ್ ಮಾಡಿದ್ದೆ, ಮೊಬೈಲ್‌ನಲ್ಲಿ ನೂರಾರು ವಿಡಿಯೊ ನೋಡಿದ್ದೆ. "ಎಸ್‌ಎಸ್‌ಬಿಯಲ್ಲಿ ಕೇಳುವ ತಾಂತ್ರಿಕ ಪ್ರಶ್ನೆಗಳು" ಅಂತ ಸಿಕ್ಕಿದ್ದನ್ನೆಲ್ಲ ಬಾಯಿಪಾಠ ಮಾಡಿದ್ದೆ. ನಮ್ಮ ಕಡೆಯಿಂದ ಈ ದಾರಿಯಲ್ಲಿ ಹೋಗುವ ಹುಡುಗಿಯರಿಗೆ ಇದನ್ನು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಬಾಯಿಪಾಠ ಮೊದಲ ಪ್ರಶ್ನೆಗೆ ಸಾಕಾಗುತ್ತದೆ. ಎರಡನೆಯದಕ್ಕೆ ಕಷ್ಟ. ಮೂರನೆಯ "ಯಾಕೆ"ಗೆ ಅದರಿಂದ ಏನೂ ಆಗುವುದಿಲ್ಲ. ಅಲ್ಲಿ ಕೂತವರಿಗೆ ಬೇಕಾಗಿರುವುದೇ ಆ ಮೂರನೆಯ ಉತ್ತರ.

ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಈ ದಾರಿಗೆ ಲಿಖಿತ ಪರೀಕ್ಷೆ ಇಲ್ಲ. ಬಿ.ಇ. ಅಂಕಗಳ ಮೇಲೆ ಕಟ್-ಆಫ್ ಹಾಕಿ ಕರೆಯುತ್ತಾರೆ. ಮೊದಲ ದಿನ ಸ್ಕ್ರೀನಿಂಗ್. ಬುದ್ಧಿಶಕ್ತಿಯ ಪ್ರಶ್ನೆಗಳ ಜೊತೆಗೆ ಒಂದು ಮಸುಕು ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ. ಅದಕ್ಕೆ ಕಥೆ ಬರೆದು ಗುಂಪಿನಲ್ಲಿ ಚರ್ಚಿಸಬೇಕು. ಅಲ್ಲೇ ಎಷ್ಟೋ ಜನ ವಾಪಸ್ ಹೋಗುತ್ತಾರೆ. ಉಳಿದವರಿಗೆ ಮನೋವಿಜ್ಞಾನದ ಪರೀಕ್ಷೆ. 60 ಪದ, ಒಂದೊಂದಕ್ಕೆ 15 ಸೆಕೆಂಡ್, ಮನಸ್ಸಿಗೆ ಬಂದಿದ್ದನ್ನು ಬರೆಯುತ್ತ ಹೋಗಬೇಕು. ಆಮೇಲೆ ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ ಹಿಡಿದು ಗುಂಪು ಕೆಲಸ. ಇವುಗಳ ನಡುವೆ ಒಂದು ದಿನ ವೈಯಕ್ತಿಕ ಸಂದರ್ಶನ. ನಾವು ತುಂಬಿದ ಪಿಐಕ್ಯೂ ಫಾರಂ ಅಧಿಕಾರಿಯ ಮುಂದಿರುತ್ತದೆ. ಅಪ್ಪನ ಕೆಲಸ, ಊರು, ಅಂಕ, ಹವ್ಯಾಸ, ಎಲ್ಲ ಅದರಲ್ಲಿದೆ. ನಾವು ಬರೆದ ಒಂದೊಂದು ಪದವೂ ಪ್ರಶ್ನೆಯಾಗಿ ವಾಪಸ್ ಬರುತ್ತದೆ. ಇಂಜಿನಿಯರ್ ಆಗಿ ಹೋದವರಿಗೆ ಇಂಜಿನಿಯರಿಂಗ್ ಪ್ರಶ್ನೆಗಳು ಬರುವುದೂ ಇಲ್ಲೇ.

ನನ್ನ ಪ್ರಾಜೆಕ್ಟ್ ಬಗ್ಗೆ ಮೊದಲ ಸಲ ಆಗಿದ್ದನ್ನೂ ಹೇಳಬೇಕು. ಸೇಡಂ, ಮಳಖೇಡ, ವಾಡಿ, ಶಹಾಬಾದ್. ನಮ್ಮ ಜಿಲ್ಲೆಯ ಸುಣ್ಣದ ಕಲ್ಲಿನ ಸೀಮೆಯೇ ಸಿಮೆಂಟ್ ಸೀಮೆ. ಅದಕ್ಕೇ ನಾವು ನಾಲ್ವರು ಸಿಮೆಂಟಿನ ಒಂದು ಪಾಲು ತೆಗೆದು ಹಾರುಬೂದಿ (ಕಲ್ಲಿದ್ದಲು ಉರಿಸಿದಾಗ ಬರುವ ನುಣ್ಣನೆಯ ಬೂದಿ) ಹಾಕಿದ ಕಾಂಕ್ರೀಟ್ ಮೇಲೆ ಪ್ರಾಜೆಕ್ಟ್ ಮಾಡಿದ್ದೆವು. 7 ದಿನಕ್ಕೆ ಅದರ ಬಲ ಕಡಿಮೆ ಬಂದಿತ್ತು. ದಿನ ಕಳೆದಂತೆ ಮಾಮೂಲಿ ಕಾಂಕ್ರೀಟಿನ ಹತ್ತಿರ ಬಂತು. ಅಂಕಿಗಳೆಲ್ಲ ನನಗೆ ನೆನಪಿದ್ದವು. "ಯಾಕೆ ನಿಧಾನ?" ಅಂದಾಗ ಉತ್ತರ ಇರಲಿಲ್ಲ. ವರದಿಯ ಆ ಭಾಗ ಬರೆದಿದ್ದು ಬೇರೆ ಗೆಳತಿ. ಈಗ ಗೊತ್ತು. ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಸುಣ್ಣ ಬಿಡುತ್ತದೆ. ಹಾರುಬೂದಿ ಕೆಲಸ ಶುರು ಮಾಡುವುದು ಆ ಸುಣ್ಣದ ಜೊತೆ. ಅಂದರೆ ಸಿಮೆಂಟ್ ಮೊದಲು ದುಡಿಯಬೇಕು. ಅದು ಬಿಟ್ಟುಕೊಟ್ಟಿದ್ದರಲ್ಲಿ ಹಾರುಬೂದಿ ನಿಧಾನಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ. ಇಷ್ಟೇ. ನಾಲ್ಕು ವಾಕ್ಯ. ಆ ನಾಲ್ಕು ವಾಕ್ಯವನ್ನು ಒಂದು ವರ್ಷದಲ್ಲಿ ಒಮ್ಮೆಯೂ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಎರಡನೇ ಸಲಕ್ಕೆ ನಾನು ಒಂದು ನಿಯಮ ಹಾಕಿಕೊಂಡೆ. ಯಾವುದನ್ನು ಅಪ್ಪ-ಅವ್ವನಿಗೆ ಕನ್ನಡದಲ್ಲಿ ಹೇಳಿ ಅರ್ಥ ಮಾಡಿಸಲು ಬರುವುದಿಲ್ಲವೋ, ಅದು ನನಗೂ ಗೊತ್ತಿಲ್ಲ. ಏಳನೇ ಕ್ಲಾಸಿನವರೆಗೆ ನಾನು ಕನ್ನಡ ಮಾಧ್ಯಮ. ಇಂಗ್ಲಿಷ್‌ನಲ್ಲಿ ಓದಿದ್ದು ಇಂಗ್ಲಿಷ್‌ನಲ್ಲೇ ತಲೆಯೊಳಗೆ ಕೂತಿತ್ತು, ಬಿಚ್ಚದ ಗಂಟಿನ ಹಾಗೆ. "ಬೆಂಡಿಂಗ್ ಮೊಮೆಂಟ್" ಅಂದರೆ ಏನು ಅಂತ ಅಪ್ಪನಿಗೆ ಹೇಳಲು ಕೂತ ಮೊದಲ ದಿನ ಹತ್ತು ನಿಮಿಷ ತೊದಲಿದೆ. ಅಪ್ಪ ಕೊನೆಗೆ, "ಸೆಂಟ್ರಿಂಗ್ ಹಲಗಿ ನಡುವ ಬಗ್ತದಲ್ಲ, ಅದ್ರ ಹಿಸಾಬು ಏನು?" ಅಂದರು. ಹೌದು, ಅದರ ಹಿಸಾಬೇ. ಛತ್ತಿನಲ್ಲಿ ಸರಳನ್ನು ನಡುವೆ ಕೆಳಗೂ, ಗೋಡೆಯ ಹತ್ತಿರ ಮೇಲಕ್ಕೂ ಬಗ್ಗಿಸಿ ಇಡುವುದು ಅಪ್ಪನಿಗೆ ಗೊತ್ತಿತ್ತು. ಯಾಕೆ ಅನ್ನುವುದು ನನ್ನ ಪುಸ್ತಕದಲ್ಲಿತ್ತು. ಬಗ್ಗಿದಾಗ ಯಾವ ಬದಿ ಹಿಗ್ಗುತ್ತದೋ ಆ ಬದಿಗೆ ಕಬ್ಬಿಣ ಬೇಕು. ಕಾಂಕ್ರೀಟ್ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಅವತ್ತು ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಅಷ್ಟು ಹೊತ್ತು ಅಪ್ಪನ ಜೊತೆ ಕೂತು ಮಾತಾಡಿದ್ದು ಅದೇ ಮೊದಲು.

ಅವ್ವನಿಂದ ಕಲಿತದ್ದು ಇನ್ನೊಂದು. ಮಣ್ಣಿನ ಪ್ಲಾಸ್ಟಿಕ್ ಲಿಮಿಟ್ ಅಂತ ಒಂದು ಪರೀಕ್ಷೆ ಇದೆ. ಒದ್ದೆ ಮಣ್ಣನ್ನು ಗಾಜಿನ ಮೇಲೆ ಅಂಗೈಯಿಂದ ಹೊಸೆದು 3 ಮಿಲಿಮೀಟರ್ ದಪ್ಪದ ಎಳೆ ಮಾಡಬೇಕು. ಆ ದಪ್ಪಕ್ಕೆ ಬಂದಾಗ ಎಳೆ ಬಿರಿಯಲು ಶುರುವಾದರೆ, ಆಗ ಮಣ್ಣಿನಲ್ಲಿರುವ ನೀರಿನ ಪ್ರಮಾಣವೇ ಪ್ಲಾಸ್ಟಿಕ್ ಲಿಮಿಟ್. ಲ್ಯಾಬಿನಲ್ಲಿ ಮಾಡಿದ್ದೆ, ಅಂಕಿ ಬರೆದು ಮರೆತಿದ್ದೆ. ಒಂದು ಸಂಜೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅಂಚು ಬಿರಿಯುತ್ತಿತ್ತು. "ನೀರು ಕಮ್ಮಿ ಆಗ್ಯಾದ" ಅಂದು ಕೈ ಒದ್ದೆ ಮಾಡಿಕೊಂಡು ಮತ್ತೆ ನಾದಿದಳು. ರೊಟ್ಟಿ ದುಂಡಗೆ ಬಂತು. ನಾನು ಅಲ್ಲೇ ಕೂತು ನೋಡಿದೆ. ಅವ್ವನ ಕೈಗೆ ಆ ಗೆರೆ ಗೊತ್ತು. ದಿನಾ ಅದರ ಹತ್ತಿರ ಹೋಗಿ ವಾಪಸ್ ಬರುತ್ತಾಳೆ. ಅವತ್ತಿನಿಂದ ಪ್ಲಾಸ್ಟಿಕ್ ಲಿಮಿಟ್ ನನಗೆ ಮರೆತಿಲ್ಲ.

ಇನ್ನು ಬಿರುಕು. ಏಪ್ರಿಲ್ ಕೊನೆಗೆ ಸೋದರಮಾವನ ತೊಗರಿ ಹೊಲಕ್ಕೆ ಹೋದೆ. ಜೇವರ್ಗಿ ಕಡೆ ಊರು. ಬೆಳೆ ಎಲ್ಲ ಎತ್ತಿಯಾಗಿತ್ತು. ಕರಿ ನೆಲ ಬಾಯಿ ತೆರೆದು ಬಿದ್ದಿತ್ತು. ಮೊದಲು ಟೇಪ್ ಇಳಿಸಿದೆ, ತಿರುವಿನಲ್ಲಿ ಸಿಕ್ಕಿಕೊಂಡಿತು. ಆಮೇಲೆ ಅಪ್ಪ ಕೊಟ್ಟ 6 ಎಂಎಂ ಸರಳನ್ನು ಇಳಿಸಿದೆ. ನಾಲ್ಕು ಅಡಿಗೂ ಜಾಸ್ತಿ ಹೋಯಿತು. ಇನ್ನೊಂದು ಬಿರುಕಿನಲ್ಲಿ ಮೂರು ಅಡಿ. ಹನ್ನೆರಡು ಕಡೆ ಅಳೆದು ವಹಿಯಲ್ಲಿ ಬರೆದುಕೊಂಡೆ. ಕೈ ಒಳಗಿಟ್ಟರೆ ತಂಪು ಹತ್ತುತ್ತಿತ್ತು. ಮೇಲೆ ಬಿಸಿಲು ಸುಡುತ್ತಿತ್ತು.

ಯಾಕೆ ಹೀಗಾಗುತ್ತದೆ? ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣ ಜಾಸ್ತಿ. ಅದರ ರಚನೆ ಹಾಳೆಯ ಮೇಲೆ ಹಾಳೆ ಇಟ್ಟಂತೆ. ನೀರು ಆ ಹಾಳೆಗಳ ನಡುವೆಯೇ ನುಗ್ಗಿ ಕೂರುತ್ತದೆ, ಮಣ್ಣು ಉಬ್ಬುತ್ತದೆ. ನೀರು ಆರಿದರೆ ಕುಗ್ಗಿ ಸೀಳುತ್ತದೆ. ಇದನ್ನು ಮನೆಯಲ್ಲೇ ನೋಡಿದೆ. ಗೆಳತಿಯ ಕಾಲೇಜ್ ಲ್ಯಾಬಿನಿಂದ ಎರಡು ಅಳತೆ ಜಾಡಿ ಕಡ ತಂದೆ. ಜರಡಿ ಹಿಡಿದ ಒಣ ಎರೆ ಮಣ್ಣು, ಎರಡಕ್ಕೂ 10 ಗ್ರಾಂ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಒಂದು ದಿನ ಬಿಟ್ಟು ನೋಡಿದರೆ ಸೀಮೆಎಣ್ಣೆಯ ಮಣ್ಣು ಹಾಕಿದಷ್ಟೇ ಇತ್ತು. ನೀರಿನದು ಕಣ್ಣಿಗೆ ಕಾಣುವಷ್ಟು ಮೇಲೇರಿತ್ತು. ಸೀಮೆಎಣ್ಣೆ ಆ ಹಾಳೆಗಳ ನಡುವೆ ಹೋಗಿ ಉಬ್ಬಿಸಲಾರದು. ಎರಡರ ವ್ಯತ್ಯಾಸ ಸೀಮೆಎಣ್ಣೆಯ ಮಣ್ಣಿನ ಶೇಕಡಾ ಎಷ್ಟು ಅನ್ನುವುದೇ ಫ್ರೀ ಸ್ವೆಲ್ ಇಂಡೆಕ್ಸ್. ಅಪ್ಪ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇಷ್ಟ ದಿನ ಇದ್ರ ಮ್ಯಾಲ ಮನಿ ಕಟ್ಟೀನಿ" ಅಂದರು. ಅಪ್ಪನ ಮುಖದಲ್ಲಿ ಆಗ ಕಂಡದ್ದನ್ನು ನಾನು ಮರೆಯುವುದಿಲ್ಲ.

ಅಪ್ಪನ ಹತ್ತಿರ ಇದಕ್ಕೆ ಮದ್ದೂ ಇತ್ತು. ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು, ಸಿಗುವವರೆಗೆ ತೋಡು. ಸಿಗದಿದ್ದರೆ ಎರೆ ತೆಗೆದು ಗರಸು ತುಂಬಿ ಬಡಿ. ಮನೆ ಸುತ್ತ ನೀರು ನಿಲ್ಲಲು ಬಿಡಬೇಡ, ಗೋಡೆಗೆ ಹತ್ತಿಕೊಂಡು ಗಿಡ ಹಚ್ಚಬೇಡ. ಪುಸ್ತಕ ಹೇಳುವುದೂ ಬಹಳ ಕಡೆ ಅದನ್ನೇ. ಪುಸ್ತಕ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಅಂಡರ್-ರೀಮ್ಡ್ ಪೈಲ್ ಹೇಳುತ್ತದೆ, ಅಂದರೆ ನೆಲದೊಳಗೆ ಇಳಿಸುವ ಬುಡ ದಪ್ಪಗಿನ ಕಂಬ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐ ನಮ್ಮಂಥ ನೆಲಕ್ಕೆಂದೇ ಅದರ ಮೇಲೆ ಬಹಳ ಕೆಲಸ ಮಾಡಿದೆ. ಮಣ್ಣು ಉಬ್ಬಿ ಕುಗ್ಗುವುದು ಮೇಲಿನ ಸುಮಾರು ಮೂರೂವರೆ ಮೀಟರಿನಲ್ಲಿ. ಪೈಲನ್ನು ಅದರ ಕೆಳಗೆ ಇಳಿಸಿ, ತುದಿಯಲ್ಲಿ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆ ಮಾಡುತ್ತಾರೆ. ಮೇಲಿನ ಮಣ್ಣು ಉಬ್ಬಿ ಮನೆಯನ್ನು ಮೇಲೆತ್ತಲು ಹೋದರೂ ಕೆಳಗಿನ ಗಡ್ಡೆ ಬಿಡುವುದಿಲ್ಲ. ಅಪ್ಪ ಇದನ್ನು ಕೇಳಿ, "ಗಜ್ಜರಿ ಅಲ್ಲ, ಉಳ್ಳಾಗಡ್ಡಿ ಹಾಂಗ" ಅಂದರು. ಅದಕ್ಕಿಂತ ಒಳ್ಳೆಯ ಚಿತ್ರ ನನ್ನ ಯಾವ ಪುಸ್ತಕದಲ್ಲೂ ಇಲ್ಲ.

ಇದರ ನಡುವೆ ಸೇನೆಯ ಇಂಜಿನಿಯರ್‌ಗಳು ನಿಜವಾಗಿ ಏನು ಮಾಡುತ್ತಾರೆ ಅನ್ನುವುದನ್ನೂ ಓದಿದೆ. ಮೊದಲ ಸಲ "ಯಾಕೆ ಕೋರ್ ಆಫ್ ಇಂಜಿನಿಯರ್ಸ್?" ಅಂದಾಗ "ದೇಶಸೇವೆ ಸರ್" ಅಂದಿದ್ದೆ. ಆ ಮಾತು ಸುಳ್ಳಲ್ಲ. ಆದರೆ ಅಷ್ಟೇ ಹೇಳಿದರೆ ಯಾರಿಗೂ ಏನೂ ಹೇಳಿದ ಹಾಗಾಗುವುದಿಲ್ಲ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತು. ಚೂರಲ್‌ಮಲದ ಸೇತುವೆ ಕೊಚ್ಚಿಹೋಗಿ ಆಚೆ ದಡದ ಜನ ಸಿಕ್ಕಿಹಾಕಿಕೊಂಡರು. ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್‌ನವರು ಹೋಗಿ ಆಗಸ್ಟ್ 1ಕ್ಕೆ 190 ಅಡಿ ಉದ್ದದ ಬೈಲಿ ಸೇತುವೆ ನಿಲ್ಲಿಸಿದರು. 24 ಟನ್ ಹೊರುವ ಸೇತುವೆ ಅದು. ಆ ತಂಡದ ಮುಂದಾಳು ಮೇಜರ್ ಸೀತಾ ಶೆಳ್ಕೆ. ಸೇತುವೆಯ ಮೇಲೆ ಅವರು ನಿಂತ ಫೋಟೊ ಎಲ್ಲರೂ ನೋಡಿದ್ದೀರಿ. ನಾನು ಅದನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡಿದ್ದೆ. ಎರಡನೇ ಸಲ ತಯಾರಾಗುವಾಗ ಒಂದು ದಿನ ಅದನ್ನು ದೊಡ್ಡದು ಮಾಡಿ, ಅವರನ್ನು ಬಿಟ್ಟು ಸೇತುವೆಯನ್ನು ನೋಡಿದೆ. ಅದರ ಒಂದೊಂದು ಚೌಕಟ್ಟು ಎಷ್ಟು ಉದ್ದ? ನಡುವೆ ನೀರು ಹರಿಯುತ್ತಿರುವಾಗ ಆಚೆ ದಡಕ್ಕೆ ಹೋಗಿದ್ದು ಹೇಗೆ?

ಬೈಲಿ ಸೇತುವೆ ಎರಡನೇ ಮಹಾಯುದ್ಧದ ಕಾಲದ್ದು. ಡೊನಾಲ್ಡ್ ಬೈಲಿ ಎಂಬ ಬ್ರಿಟಿಷ್ ಇಂಜಿನಿಯರ್ ಯೋಚಿಸಿದ್ದು. ಅದರ ಉಕ್ಕಿನ ಪ್ಯಾನಲ್ 10 ಅಡಿ ಉದ್ದ, ಸುಮಾರು 260 ಕೆಜಿ. ಆರು ಜನ ಎತ್ತಿ ಒಯ್ಯಬಹುದು. ಕ್ರೇನ್ ಬೇಡ. ಪ್ಯಾನಲ್‌ಗಳನ್ನು ಪಿನ್ನಿನಿಂದ ಜೋಡಿಸುತ್ತ, ರೋಲರ್ ಮೇಲೆ ಇಟ್ಟು ಮುಂದಕ್ಕೆ ದೂಡುತ್ತಾರೆ. ಮುಂದಿನ ಭಾಗಕ್ಕೆ ಹಲಗೆ ಹಾಸಿರುವುದಿಲ್ಲ, ಬರೀ ಅಸ್ಥಿಪಂಜರ. ಅದಕ್ಕೆ ಲಾಂಚಿಂಗ್ ನೋಸ್ ಅನ್ನುತ್ತಾರೆ, ಸೇತುವೆಯ ಮೂಗು. ಅದು ಹಗುರ, ಹಿಂದಿನದು ಭಾರ. ಒಟ್ಟು ತೂಕದ ನಡು ರೋಲರ್ ದಾಟುವುದಕ್ಕೆ ಮುಂಚೆ ಮೂಗು ಆಚೆ ದಡ ಮುಟ್ಟಬೇಕು. ದಾಟಿದರೆ ಇಡೀ ಸೇತುವೆ ನೀರಿಗೆ. ಇದನ್ನು ಅರ್ಥ ಮಾಡಿಕೊಳ್ಳಲು ಮೇಜಿನ ಅಂಚಿನಲ್ಲಿ ಒಂದಡಿ ಅಡಿಪಟ್ಟಿ ಇಟ್ಟು ದೂಡಿದೆ. ಆರು ಇಂಚಿಗೆ ಬಿತ್ತು. ಹಿಂದಿನ ತುದಿಗೆ ನಾಣ್ಯ ಇಟ್ಟೆ. ಎಂಟು ಇಂಚು ಹೋಯಿತು. ಇನ್ನೊಂದು ನಾಣ್ಯ, ಇನ್ನೂ ಸ್ವಲ್ಪ ಮುಂದೆ. ಅವತ್ತು ಮೊಮೆಂಟ್ ಅನ್ನುವ ಪದ ನನಗೆ ಕೈಯಲ್ಲಿ ಹಿಡಿಯುವ ವಸ್ತುವಾಯಿತು.

ಜೂನ್‌ನಲ್ಲಿ ಒಂದು ಭಾನುವಾರ ಬೀದರ್‌ಗೆ ಹೋದೆ. 2017ರಲ್ಲಿ ರೈಲು ಶುರುವಾದ ಮೇಲೆ ಬೀದರ್ ನಮಗೆ ಹತ್ತಿರ. ಬಸ್ಸಿನಲ್ಲಿ ಹುಮನಾಬಾದ್ ಮೇಲೆ ಹೋಗುವ ದಾರಿಗಿಂತ ನನಗೆ ರೈಲೇ ಇಷ್ಟ. ಕೋಟೆಯನ್ನು ಶಾಲೆಯ ಟ್ರಿಪ್‌ನಲ್ಲಿ ನೋಡಿದ್ದೆ. ಆಗ ಫೋಟೊ ತೆಗೆಸಿಕೊಂಡಿದ್ದು ಬಿಟ್ಟರೆ ಏನೂ ನೆನಪಿಲ್ಲ. ಈ ಸಲ ಕಂದಕದ ಅಂಚಿನಲ್ಲಿ ಒಂದು ಗಂಟೆ ನಿಂತೆ. ಬಹಮನಿ ದೊರೆ ಅಹ್ಮದ್ ಶಾ 15ನೇ ಶತಮಾನದಲ್ಲಿ ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಇಲ್ಲಿಗೆ ತಂದ. ಕಂದಕ ಕೆಲವು ಕಡೆ ಮೂರು ಸಾಲು, ನಡುವೆ ಬಂಡೆಯನ್ನೇ ಗೋಡೆಯಾಗಿ ಬಿಟ್ಟಿದ್ದಾರೆ. ಎಲ್ಲ ಕೆಂಪು ಜಂಬಿಟ್ಟಿಗೆಯಲ್ಲಿ ಕಡಿದದ್ದು. ಈ ಕಲ್ಲು ನೆಲದೊಳಗಿದ್ದಾಗ ಮೆತ್ತಗೆ. ಕಡಿದು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತ ಹೋಗುತ್ತದೆ. ಕಲಬುರಗಿಯ ಎರೆಯಿಂದ ನೂರು ಕಿಲೋಮೀಟರ್ ಆಚೆ ನೆಲವೇ ಬೇರೆ, ಹಾಗಾಗಿ ಕೋಟೆಯೂ ಬೇರೆ. ಸೇನೆಯ ಇಂಜಿನಿಯರ್‌ಗಳಿಗಿರುವ "ಸ್ಯಾಪರ್" ಎಂಬ ಹೆಸರು ಬಂದಿದ್ದೇ ಕೋಟೆಗೆ ಮುತ್ತಿಗೆ ಹಾಕುವಾಗ ಗೋಡೆಯ ಕಡೆಗೆ ಅಗಳು ತೋಡುವವರಿಂದ. ಆ ತೋಡುವವನಾಗಿ ಯೋಚಿಸಿದೆ. ಒಂದು ಕಂದಕ ದಾಟಿದರೆ ಬಂಡೆಯ ಗೋಡೆ, ಅದನ್ನು ದಾಟಿದರೆ ಮತ್ತೆ ಕಂದಕ. ಸುರಂಗ ತೋಡಲು ಎಲ್ಲಿಂದ ಶುರು ಮಾಡಲಿ?

ತಲೆಯ ಮೇಲೆ ಹಾಕ್ ವಿಮಾನಗಳು ಹೋದವು. ಬೀದರ್ ವಾಯುನೆಲೆಯಲ್ಲಿ ಪೈಲಟ್‌ಗಳ ತರಬೇತಿ ನಡೆಯುತ್ತದೆ, ಸೂರ್ಯಕಿರಣ್ ತಂಡದ ಮನೆಯೂ ಅದೇ. ಕೆಳಗೆ ಕುರಿ ಕಾಯುವ ಅಜ್ಜನೊಬ್ಬ ತಲೆ ಎತ್ತಿಯೂ ನೋಡಲಿಲ್ಲ. ಅವನಿಗೆ ದಿನಾ ಕೇಳುವ ಸದ್ದು.

ಅಲ್ಲಿಂದ ನೌಬಾದಿನ ಸುರಂಗ ಬಾವಿಗೆ ಹೋದೆ. ಕರೇಜ್ ಅನ್ನುತ್ತಾರೆ, ಇರಾನ್ ಕಡೆಯಿಂದ ಬಂದ ವಿದ್ಯೆ. ನೆಲದಡಿ ಸುರಂಗ, ಅಲ್ಲಲ್ಲಿ ಮೇಲಿನಿಂದ ಇಳಿಯುವ ಬಾವಿಗಳು. ಬಾವಿಯಿಂದ ಮಣ್ಣು ಮೇಲೆ ಬರುತ್ತದೆ, ಗಾಳಿ ಕೆಳಗೆ ಹೋಗುತ್ತದೆ. ಸುರಂಗದ ಇಳಿಜಾರು ಸಣ್ಣದಾಗಿರಬೇಕು. ಜಾಸ್ತಿಯಾದರೆ ನೀರು ಸುರಂಗವನ್ನೇ ಕೊರೆಯುತ್ತದೆ, ಕಡಿಮೆಯಾದರೆ ನಿಂತುಬಿಡುತ್ತದೆ. ಆ ಕಾಲದಲ್ಲಿ, ಕತ್ತಲಲ್ಲಿ, ನೆಲದಡಿ ಲೆವಲ್ ಹೇಗೆ ಹಿಡಿದರು? ವಾಪಸ್ ಬರುವಾಗ ರೈಲಿನಲ್ಲಿ ಪೂರ್ತಿ ಅದೇ ಯೋಚನೆ. ಅಪ್ಪನ ಲೆವಲ್ ಪೈಪು ಕಣ್ಣ ಮುಂದೆ ಬಂತು.

ಬೇರೆ ತಯಾರಿಯೂ ನಡೆದಿತ್ತು. ಬೆಳಿಗ್ಗೆ ಐದಕ್ಕೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಟ. ಏಳರ ನಂತರ ನಮ್ಮೂರ ಬಿಸಿಲಲ್ಲಿ ಓಡಲು ಆಗುವುದಿಲ್ಲ. ಸಂಜೆ ಪಬ್ಲಿಕ್ ಗಾರ್ಡನ್ನಿನಲ್ಲಿ ಮೂವರು ಗೆಳತಿಯರ ಜೊತೆ ಇಂಗ್ಲಿಷ್ ಮಾತು. ಹಿಂದಿ ನನಗೆ ಬರುತ್ತದೆ ಅಂದುಕೊಂಡಿದ್ದೆ. ಬರುವುದು ನಮ್ಮ ದಖನಿ. ಮೊದಲ ಎಸ್‌ಎಸ್‌ಬಿಯಲ್ಲಿ ರೂಮಿನಲ್ಲಿದ್ದ ಲಖನೌ ಹುಡುಗಿಗೆ ನನ್ನ "ನಕ್ಕೋ" (ಬೇಡ) ಅರ್ಥವಾಗಿರಲಿಲ್ಲ. ಆದರೆ ನಾಲ್ಕನೇ ದಿನಕ್ಕೆ ಅವಳೂ "ನಕ್ಕೋ" ಅನ್ನುತ್ತಿದ್ದಳು. ನಮ್ಮ ಮಾತಿನ ಬಗ್ಗೆ ನಾಚಿಕೆ ಬೇಡ. ನಿಧಾನಕ್ಕೆ, ಸ್ಪಷ್ಟವಾಗಿ ಹೇಳಿದರೆ ಅಲ್ಲಿ ಕೇಳಿಸಿಕೊಳ್ಳುತ್ತಾರೆ. ವ್ಯಾಕರಣ ತಪ್ಪಿದ್ದಕ್ಕೆ ನನ್ನನ್ನು ಯಾರೂ ತಡೆಯಲಿಲ್ಲ.

ಎರಡನೇ ಸಂದರ್ಶನಕ್ಕೆ ಬೇರೆ ಅಧಿಕಾರಿ. ಫಾರಂ ನೋಡಿ, "ತಂದೆ ಮೇಸ್ತ್ರಿ. ಅವರಿಂದ ಏನು ಇಂಜಿನಿಯರಿಂಗ್ ಕಲಿತಿರಿ?" ಅಂದರು. ಕಳೆದ ಸಲವೂ ಅಪ್ಪನ ಕೆಲಸದ ಬಗ್ಗೆ ಕೇಳಿದ್ದರು. ಆಗ "ಕನ್‌ಸ್ಟ್ರಕ್ಷನ್ ಫೀಲ್ಡ್" ಅಂತ ಹೇಳಿ ದಾಟಿಸಿದ್ದೆ. ಈ ಸಲ ಲೆವಲ್ ಪೈಪಿನಿಂದ ಶುರು ಮಾಡಿದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ತುದಿ ಎರಡು ಗೋಡೆಗೆ ಹಿಡಿದರೆ ನೀರಿನ ಮಟ್ಟ ಒಂದೇ. ನಡುವೆ ಎಷ್ಟು ತಿರುವು ಇದ್ದರೂ ಸರಿ. "ಒಂದು ಕಡೆ ಪೈಪು ದಪ್ಪ, ಇನ್ನೊಂದು ಕಡೆ ಸಣ್ಣ ಇದ್ದರೆ?" ಆಗಲೂ ಒಂದೇ, ಒತ್ತಡ ಆಳದ ಮೇಲೆ ಹೋಗುತ್ತದೆ, ಅಗಲದ ಮೇಲಲ್ಲ. ತೀರಾ ಸಣ್ಣದಾದರೆ ಮಾತ್ರ ನೀರು ಅಂಟಿಕೊಂಡು ಸ್ವಲ್ಪ ಮೇಲೇರುತ್ತದೆ. "ಒಳಗೆ ಗಾಳಿ ಗುಳ್ಳೆ ಇದ್ದರೆ?" ತಪ್ಪು ತೋರಿಸುತ್ತದೆ ಸರ್. ನೀರಿರಬೇಕಾದ ಎತ್ತರದಲ್ಲಿ ಗಾಳಿ ಕೂತರೆ ಆ ಬದಿಯ ಕಂಬ ಹಗುರ, ಎರಡೂ ಬದಿ ಸಮ ತೂಗಲು ಮಟ್ಟ ಬೇರೆಯಾಗುತ್ತದೆ. ಅಪ್ಪ ಯಾವಾಗಲೂ ಪೈಪನ್ನು ಬೆರಳಿಂದ ಬಡಿದು ಗುಳ್ಳೆ ಹೊರಗೆ ಬಿಟ್ಟೇ ಗುರುತು ಹಾಕುತ್ತಾರೆ. ಇದನ್ನು ಹೇಳುವಾಗ ನನ್ನ ಬೆರಳು ತಾನಾಗಿ ಮೇಜಿನ ಮೇಲೆ ಬಡಿಯುತ್ತಿತ್ತು.

ಆಮೇಲೆ ಬೈಲಿ ಸೇತುವೆಗೆ ಬಂದರು. ಅದು ಚೆನ್ನಾಗಿ ಹೋಯಿತು. ಕೊನೆಗೆ, "ಹರಿಯುವ ಹೊಳೆಯ ನಡುವೆ ಒಂದು ಆಸರೆ ಕಂಬ ಬೇಕು. ಅದರ ಬುಡದಲ್ಲಿ ನೀರು ಎಷ್ಟು ಆಳ ಕೊರೆಯುತ್ತದೆ ಅಂತ ಹೇಗೆ ಲೆಕ್ಕ ಹಾಕುತ್ತೀರಿ?" ಅಂದರು. ಲೇಸಿ ಎಂಬ ಹೆಸರು ನೆನಪಾಯಿತು, ಸೂತ್ರ ನೆನಪಾಗಲಿಲ್ಲ. ಕಳೆದ ಸಲದ ಅರ್ಧ ಅಡಿ ನೆನಪಾಯಿತು. "ಸೂತ್ರ ಗೊತ್ತಿಲ್ಲ ಸರ್. ನೋಡಿದ್ದು ಹೇಳಬಹುದಾ?" ಅಂದೆ. ಹೇಳಿ ಅಂದರು. ಗಾಣಗಾಪುರದ ಹತ್ತಿರ ಬೇಸಿಗೆಯಲ್ಲಿ ಭೀಮಾ ನದಿ ಬತ್ತಿದಾಗ ಸೇತುವೆಯ ಕಂಬಗಳ ಬುಡದಲ್ಲಿ ಗುಂಡಿ ಕಾಣುತ್ತದೆ. ಗುಂಡಿ ಆಳ ಇರುವುದು ನೀರು ಬರುವ ದಿಕ್ಕಿಗೆ. ನೀರು ಕಂಬಕ್ಕೆ ಬಡಿದು ಕೆಳಗಿಳಿದು ಸುತ್ತಿ ಮರಳನ್ನು ಒಯ್ಯುತ್ತದೆ. ಹಾಗಾಗಿ ಕಂಬದ ಪಾದ ಆ ಗುಂಡಿಗಿಂತ ಕೆಳಗಿರಬೇಕು, ಅಥವಾ ಬುಡಕ್ಕೆ ದೊಡ್ಡ ಕಲ್ಲು ಸುರಿಯಬೇಕು. ಅವರು ಏನೋ ಬರೆದುಕೊಂಡರು. "ಸೂತ್ರ ಹೋಗಿ ಓದಿಕೊಳ್ಳಿ" ಅಂದರು. ಓದಿಕೊಂಡೆ. ಅವತ್ತು ಸಂಜೆಯೇ.

ಐದನೇ ದಿನ ನನ್ನ ಚೆಸ್ಟ್ ನಂಬರ್ ಓದಿದರು. ಮೆಡಿಕಲ್ ಮುಗಿದಿದೆ. ಮೆರಿಟ್ ಲಿಸ್ಟ್ ಇನ್ನೂ ಬಂದಿಲ್ಲ. ಅದರಲ್ಲಿ ಹೆಸರು ಬಂದರೆ ತರಬೇತಿ.

ಮನೆಗೆ ಬಂದಾಗ ರಾತ್ರಿ. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. "ಏನ್ ಕೇಳ್ಯಾರ?" ಅಂದರು, ಕಳೆದ ಸಲದಂತೆಯೇ. ಲೆವಲ್ ಪೈಪು ಕೇಳಿದರು ಅಂದೆ. ಅಪ್ಪ ನಂಬಲಿಲ್ಲ. "ಮಿಲಿಟ್ರಿ ಸಾಹೇಬ್ರು ನಮ್ಮ ಪೈಪ್ ಕೇಳ್ಯಾರ?" ಅಂತ ಎರಡು ಸಲ ಕೇಳಿದರು. ಪೂರ್ತಿ ಹೇಳಿದೆ, ಗಾಳಿ ಗುಳ್ಳೆಯವರೆಗೆ. ಅವ್ವ ಒಳಗಿಂದ ಊಟಕ್ಕೆ ಕರೆಯುತ್ತಿದ್ದಳು. ಅಪ್ಪ ಏಳಲಿಲ್ಲ.

"ಆ ಸೇತುವಿ ಅದಲ್ಲ, ಮೂಗಿಂದು" ಅಂದರು. "ಆಚಿ ದಂಡಿ ಈಚಿ ದಂಡಿಗಿಂತ ಎತ್ತರ ಇದ್ರ ಹ್ಯಾಂಗ ಮಾಡ್ತಾರ? ಮೂಗು ಹೋಗಿ ಮಣ್ಣಿಗಿ ಬಡೀತದಲ್ಲ?"

ಮೂಗು ತನ್ನ ಭಾರಕ್ಕೆ ತಾನೇ ಬಗ್ಗುತ್ತದೆ. ಅದಕ್ಕೇ ಅದನ್ನು ಮೊದಲೇ ಸ್ವಲ್ಪ ಮೇಲೆ ಎತ್ತಿ ಜೋಡಿಸುತ್ತಾರೆ ಅಂತ ಓದಿದ್ದೆ. ಆದರೆ ದಡವೇ ಎತ್ತರ ಇದ್ದರೆ ಎಷ್ಟು ಎತ್ತಬೇಕು? ನನಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಅಡಿಪಟ್ಟಿ ಮತ್ತು ನಾಲ್ಕು ನಾಣ್ಯ ತಂದೆ. ಅಪ್ಪ ಕಟ್ಟೆಯ ಆ ತುದಿಗೆ ಒಂದು ಇಟ್ಟಿಗೆ ಇಟ್ಟರು.